ಬುಟ್ಟಿಯ ಕಂಡಿಕೆ ತೀರಿದಾಗ



ರೇಡಿಯೊದಲ್ಲಿ ನನ್ನ ಮಾತು ಈಗ ನಿಮಗೆ ತಡೆಯಿಲ್ಲದೆ ಕೇಳುತ್ತಿದೆ. ಬಾಗಲಕೋಟೆಯ ನವನಗರದಲ್ಲಿ ಒಬ್ಬರೇ ಕೇಳಿದರೂ ಅಷ್ಟೇ, ಬಾದಾಮಿ, ಹುನಗುಂದ, ಇಳಕಲ್ಲಿನ ಮನೆಮನೆಯಲ್ಲಿ ಹಚ್ಚಿಟ್ಟು ಕೇಳಿದರೂ ಅಷ್ಟೇ. ಕೇಳುವವರು ಹೆಚ್ಚಾದರೆಂದು ರೇಡಿಯೊ ನಿಧಾನವಾಗುವುದಿಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಂದಿನಿಂದ ನಮ್ಮ ಕಡೆಯ ಮನೆಗಳಲ್ಲಿ ರೇಡಿಯೊ ಕರಕರ ಎಂದದ್ದುಂಟು, ದನಿ ಏರಿಳಿದದ್ದುಂಟು. ಆದರೆ ಹಾಡಿನ ನಡುವೆ ನಿಂತು ‘ತಡೀರಿ, ಮುಂದಿನ ಸಾಲು ಇನ್ನೂ ಬಂದಿಲ್ಲ’ ಎಂದದ್ದಿಲ್ಲ.

ಅಂಗೈಯಲ್ಲಿನ ಫೋನು, ಗೋಡೆಯ ಮೇಲಿನ ಟಿ.ವಿ. ಹಾಗಲ್ಲ. ಮಗಳು ಪಾಠ ಕೇಳುತ್ತಿರುತ್ತಾಳೆ, ಲೆಕ್ಕದ ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ತೆರೆಯ ನಡುವೆ ಒಂದು ಚಕ್ರ ಗಿರಿಗಿರಿ ತಿರುಗತೊಡಗುತ್ತದೆ. ‘ನೆಟ್ ಬರವಲ್ದು’ ಅನ್ನುತ್ತೇವೆ. ಕೇಬಲ್‌ದವರಿಗೆ ಫೋನ್ ಮಾಡುತ್ತೇವೆ. ಕೊನೆಗೆ ಬೇಸತ್ತು, ತಿಂಗಳಿಗೆ ಇನ್ನೂರು ಮುನ್ನೂರು ಹೆಚ್ಚು ಕೊಟ್ಟು ದೊಡ್ಡ ಪ್ಲ್ಯಾನ್ ಹಾಕಿಸುತ್ತೇವೆ. ಚಕ್ರ ಮತ್ತೆ ತಿರುಗುತ್ತದೆ. ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನೆಂದು ಬಂಧುಬಳಗದವರು, ನೆರೆಯವರು ನನ್ನನ್ನು ಕರೆಯುತ್ತಾರೆ. ಹೋಗಿ ನೋಡಿದ ಮನೆಗಳಲ್ಲಿ ಹೆಚ್ಚಿನ ಕಡೆ ತೊಂದರೆ ಇದ್ದದ್ದು ಊರಾಚೆಯ ತಂತಿಯಲ್ಲಲ್ಲ, ಕಂಪನಿಯ ಕಚೇರಿಯಲ್ಲಲ್ಲ. ಮನೆಯೊಳಗೆ, ನೆಟ್ ಡಬ್ಬಿಗೂ (ರೂಟರಿಗೂ) ಟಿ.ವಿ.ಗೂ ನಡುವಿನ ಹತ್ತಿಪ್ಪತ್ತು ಮೊಳದಲ್ಲಿ. ಇವತ್ತು ಆ ಹತ್ತಿಪ್ಪತ್ತು ಮೊಳದ ಬಗ್ಗೆಯೇ ಹೆಚ್ಚು ಮಾತಾಡಬೇಕೆಂದಿದ್ದೇನೆ.

ಮೊದಲು ಆ ಚಕ್ರ ಯಾಕೆ ತಿರುಗುತ್ತದೆ ಎಂಬುದು ತಿಳಿಯಬೇಕು. ಅದನ್ನು ನನಗೆ ಚೆನ್ನಾಗಿ ತಿಳಿಸಿದ್ದು ಪುಸ್ತಕವಲ್ಲ, ಇಳಕಲ್ಲಿನಲ್ಲಿರುವ ನಮ್ಮ ದೊಡ್ಡವ್ವ. ನೇಕಾರರ ಮನೆ. ಮಗ ಮಗ್ಗದಲ್ಲಿ ಕೂತಿದ್ದ. ದೊಡ್ಡವ್ವ ಪಕ್ಕದಲ್ಲಿ ರಾಟಿ ಇಟ್ಟುಕೊಂಡು, ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಾನು ಒಳಗೆ ಕಾಲಿಟ್ಟ ಕೂಡಲೇ, ‘ಯಪ್ಪಾ, ಈ ಟಿ.ವಿ. ಬರೇ ಗಿರಿಗಿರಿ ತಿರಗತೈತಿ, ಮುಂದ ಹೋಗವಲ್ದು. ಏನಾಗೇತಿ ನೋಡಪಾ’ ಅಂದಳು. ಪ್ರವಚನ ಹಚ್ಚಿದ್ದಳು, ಅದು ನಿಂತುಬಿಟ್ಟಿತ್ತು.

ನಾನು ಹೇಳತೊಡಗಿದೆ. ‘ದೊಡ್ಡವ್ವಾ, ವಿಡಿಯೊ ಇಡಿಯಾಗಿ ಬರೂದಿಲ್ಲ. ದೂರದ ಕಂಪ್ಯೂಟರಿನ್ಯಾಗ ಅದನ್ನ ಸಣ್ಣ ಸಣ್ಣ ತುಣುಕು ಮಾಡಿ ಇಟ್ಟಿರತಾರ. ಒಂದೊಂದು ತುಣುಕು ಕೆಲವೇ ಸೆಕೆಂಡಿಂದು. ಟಿ.ವಿ. ಒಂದೊಂದಾಗಿ ಬೇಡಿ ತರಸ್ಕೋತೈತಿ. ಒಂದನ್ನ ತೋರಸೂವಾಗ ಮುಂದಿನ ಹತ್ತಾರು ತುಣುಕು ತನ್ನ ಹತ್ರ ಕೂಡಿಸಿ ಇಟ್ಟುಕೊಂಡಿರತೈತಿ. ಆ ಕೂಡಿಟ್ಟದ್ದಕ್ಕ ಬಫರ್ ಅಂತಾರ. ಬರೂದು ತಡ ಆಗಿ, ಕೂಡಿಟ್ಟದ್ದು ತೀರಿತು ಅಂದ್ರ…’

ನಾನು ಮುಗಿಸುವ ಮೊದಲೇ ಆಕೆ ಪಕ್ಕದ ಬುಟ್ಟಿ ತೋರಿಸಿದಳು. ‘ಬುಟ್ಟ್ಯಾಗಿನ ಕಂಡಿಕಿ ತೀರಿದ್ರ ಮಗ್ಗ ನಿಂತಂಗ, ಹೌದಿಲ್ಲೋ?’

ಅದೇ. ಇದಕ್ಕಿಂತ ಸರಿಯಾದ ಮಾತು ನನಗೆ ಇಂದಿಗೂ ಸಿಕ್ಕಿಲ್ಲ. ಲಾಳಿ ಒಂದೇ ಸಮನೆ ಓಡುತ್ತದೆ, ನೂಲು ತಿನ್ನುತ್ತದೆ. ಕಂಡಿಕೆ ಸುತ್ತುವವರ ಕೈ ಒಮ್ಮೆ ಚುರುಕು, ಒಮ್ಮೆ ನಿಧಾನ. ನಡುವೆ ಏಳಬೇಕಾಗುತ್ತದೆ, ನೂಲು ಹರಿಯುತ್ತದೆ. ಆದರೂ ಮಗ್ಗ ನಿಲ್ಲದಿರುವುದು ಬುಟ್ಟಿಯಲ್ಲಿ ನಾಲ್ಕು ಕಂಡಿಕೆ ಹೆಚ್ಚಿಗೆ ಇರುವುದರಿಂದ. ತೆರೆಯ ಮೇಲಿನ ಚಕ್ರವೂ ರಾಟಿಯೇ. ‘ಬುಟ್ಟಿ ಬರಿದಾಗಿದೆ, ಸುತ್ತುತ್ತಿದ್ದೇನೆ, ತಡಿ’ ಎಂದು ಅದು ಹೇಳುತ್ತಿದೆ.

ಈ ಹೋಲಿಕೆಯನ್ನೇ ಹಿಡಿದು ಇನ್ನೆರಡು ವಿಷಯ ತಿಳಿಯಬಹುದು. ಒಂದೊಂದು ತುಣುಕನ್ನೂ ನಾಲ್ಕೈದು ದರ್ಜೆಯಲ್ಲಿ ಮಾಡಿಟ್ಟಿರುತ್ತಾರೆ. ಕೆಲವು ಸ್ಪಷ್ಟ, ಕೆಲವು ಮಸುಕು. ಬುಟ್ಟಿ ಬರಿದಾಗುತ್ತ ಬಂದರೆ ಟಿ.ವಿ. ತಾನಾಗಿ ಕೆಳದರ್ಜೆಯ ತುಣುಕು ಬೇಡುತ್ತದೆ, ಏಕೆಂದರೆ ಅದು ಹಗುರ, ಬೇಗ ಬರುತ್ತದೆ. ಚಿತ್ರ ಇದ್ದಕ್ಕಿದ್ದಂತೆ ಮಸುಕಾಗಿ ಮತ್ತೆ ತಿಳಿಯಾಗುವುದು ಇದರಿಂದ, ಟಿ.ವಿ. ಕೆಟ್ಟಿರುವುದಿಲ್ಲ. ಕೆಲವರು ಒಳ್ಳೆಯ ಚಿತ್ರ ಬೇಕೆಂದು ಸೆಟ್ಟಿಂಗಿಗೆ ಹೋಗಿ ಮೇಲಿನ ದರ್ಜೆಯನ್ನೇ ಕಟ್ಟಿಹಾಕುತ್ತಾರೆ. ಆಗ ಟಿ.ವಿ.ಗೆ ಇಳಿದು ಬೇಡುವ ದಾರಿಯೇ ಇಲ್ಲ, ನಿಂತುಬಿಡುತ್ತದೆ. ‘ಆಟೊ’ ಎಂದಿರುವುದನ್ನು ಆಟೊ ಆಗಿಯೇ ಬಿಡಿ.

ಎರಡನೆಯದು ಕ್ರಿಕೆಟ್. ಸಿನಿಮಾ ಸರಾಗವಾಗಿ ಓಡುವ ಮನೆಯಲ್ಲೂ ಮ್ಯಾಚು ನಿಲ್ಲುತ್ತದೆ. ಸಿನಿಮಾದ ನೂಲು ಆಗಲೇ ತಯಾರಿದೆ, ಎಷ್ಟು ಬೇಕಾದರೂ ಮುಂಚೆ ಸುತ್ತಿಟ್ಟುಕೊಳ್ಳಬಹುದು. ನೇರ ಪ್ರಸಾರದಲ್ಲಿ ಮುಂದಿನ ಚೆಂಡನ್ನು ಇನ್ನೂ ಎಸೆದೇ ಇಲ್ಲ. ಹಾಗಾಗಿ ಬುಟ್ಟಿಯಲ್ಲಿ ಒಂದೆರಡೇ ಕಂಡಿಕೆ, ತಂತಿ ಸ್ವಲ್ಪ ತಡವರಿಸಿದರೂ ಸಾಕು. ಪಕ್ಕದ ಮನೆಯವರು ಡಿಶ್ಶಿನಲ್ಲಿ ನೋಡಿ ‘ಔಟ್’ ಎಂದು ಕೂಗಿದ ಮೇಲೆ ನಮ್ಮ ತೆರೆಯಲ್ಲಿ ಬೌಲರ್ ಓಡಿಬರುವುದೂ ಇದೇ ಕಾರಣಕ್ಕೆ. ಕೂಡಿಟ್ಟುಕೊಂಡು ತೋರಿಸುವುದಕ್ಕೆ ಅಷ್ಟು ಸಮಯ ತೆರಬೇಕಾಗುತ್ತದೆ.

ಇನ್ನು ಎಷ್ಟು ವೇಗ ಬೇಕು? ಇದಕ್ಕೆ ಯೂಟ್ಯೂಬ್ ತಾನೇ ಕೊಡುವ ಲೆಕ್ಕವಿದೆ. ಫೋನಿನಲ್ಲಿ ಸಾಧಾರಣವಾಗಿ ಕಾಣುವ 360ರ ಚಿತ್ರಕ್ಕೆ 0.7 ಎಂಬಿಪಿಎಸ್ ಸಾಕು. 720ರ ಚಿತ್ರಕ್ಕೆ 2.5, ದೊಡ್ಡ ಟಿ.ವಿ.ಗೆ ಚೆಂದ ಕಾಣುವ 1080ಕ್ಕೆ 5. ಅತ್ಯಂತ ಸ್ಪಷ್ಟವಾದ 4ಕೆ ಚಿತ್ರಕ್ಕೆ 20. ಅಂದರೆ 40 ಎಂಬಿಪಿಎಸ್ ಪ್ಲ್ಯಾನ್ ಇರುವ ಮನೆಯಲ್ಲಿ ನಾಲ್ಕು ತೆರೆಗಳು ಒಟ್ಟಿಗೆ ಒಳ್ಳೆಯ ಚಿತ್ರ ತೋರಿಸಬಹುದು, ಆಮೇಲೂ ಅರ್ಧ ಉಳಿಯುತ್ತದೆ. ಹಾಗಿದ್ದೂ ಒಂದೇ ಟಿ.ವಿ. ನಿಲ್ಲುತ್ತಿದೆ ಎಂದರೆ ಆ 40 ಟಿ.ವಿ.ವರೆಗೆ ತಲುಪುತ್ತಿಲ್ಲ ಎಂದೇ ಅರ್ಥ. ಪ್ಲ್ಯಾನನ್ನು 100ಕ್ಕೆ ಏರಿಸಿದರೆ ಕಳೆದುಹೋಗುವುದು ಹೆಚ್ಚಾಗುತ್ತದೆ, ತಲುಪುವುದು ಅಷ್ಟೇ ಇರುತ್ತದೆ. ಒಂದು ಮಾತು ಇಲ್ಲೇ ಸೇರಿಸುತ್ತೇನೆ, ಅನೇಕರು ಇದರಲ್ಲಿ ಎಡವುತ್ತಾರೆ. ಪ್ಲ್ಯಾನಿನ ವೇಗ ಬಿಟ್ಟಿನ ಲೆಕ್ಕ, ಕಂಪ್ಯೂಟರ್ ಇಳಿಸಿಕೊಳ್ಳುವಾಗ ತೋರಿಸುವುದು ಬೈಟಿನ ಲೆಕ್ಕ. ಎಂಟು ಬಿಟ್ಟಿಗೆ ಒಂದು ಬೈಟು. 40ರ ಪ್ಲ್ಯಾನಿನಲ್ಲಿ ಸೆಕೆಂಡಿಗೆ 5 ಎಂಬಿ ಇಳಿದರೆ ನಿಮಗೆ ಯಾರೂ ಮೋಸ ಮಾಡಿಲ್ಲ.

ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕುವ ಬಗೆ ಸುಲಭ. ನವನಗರದ ನಮ್ಮ ಸ್ನೇಹಿತರೊಬ್ಬರ ಮನೆಯಲ್ಲಿ ಮಾಡಿದ್ದನ್ನೇ ಹೇಳುತ್ತೇನೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ಓಣಿಗಳು ಮುಳುಗಡೆಯಾದಾಗ ಅವರ ಮನೆಯೂ ಹೋಗಿ, ಇಲ್ಲಿ ಸೆಕ್ಟರಿನಲ್ಲಿ ಜಾಗ ಸಿಕ್ಕಿತು. ಮೇಲೊಂದು ಅಂತಸ್ತು ಕಟ್ಟಿದ್ದಾರೆ. ನೆಟ್ ಡಬ್ಬಿ ಕೆಳಗೆ, ಪಡಸಾಲೆಯ ಮೂಲೆಯಲ್ಲಿ, ಟಿ.ವಿ.ಯ ಹಿಂದೆ. ಮಗ ಓದುವುದು ಮೇಲೆ. ಪ್ಲ್ಯಾನನ್ನು 40ರಿಂದ 100ಕ್ಕೆ ಏರಿಸಿದ್ದರು, ಮೇಲಿನ ಕೋಣೆಯಲ್ಲಿ ಪಾಠ ನಿಲ್ಲುವುದು ನಿಂತಿರಲಿಲ್ಲ.

ಒಂದೇ ಫೋನು ತೆಗೆದುಕೊಂಡೆ. ಉಳಿದವರ ಫೋನುಗಳ ವೈಫೈ ಆರಿಸಲು ಹೇಳಿದೆ. ಡಬ್ಬಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಫಾಸ್ಟ್ ಡಾಟ್ ಕಾಮ್ ತೆರೆದೆ. ನೆಟ್‌ಫ್ಲಿಕ್ಸಿನವರು ನಡೆಸುವ ಪುಟ ಅದು, ದುಡ್ಡಿಲ್ಲ, ತೆರೆದರೆ ಸಾಕು, ವೇಗ ತೋರಿಸುತ್ತದೆ. 90ರ ಮೇಲೆ ತೋರಿಸಿತು. ಮೆಟ್ಟಿಲೇರಿ ಹುಡುಗ ಓದುವ ಮೇಜಿನ ಬಳಿ ನಿಂತು ಮತ್ತೆ ತೆರೆದೆ. 3 ತೋರಿಸಿತು. ಕಾಗದದ ಮೇಲೆ ಮೂರು ಅಂಕಿ ಬರೆದೆ: ದುಡ್ಡು ಕೊಟ್ಟದ್ದು 100, ಮನೆಗೆ ಬಂದದ್ದು 90, ಹುಡುಗನಿಗೆ ಸಿಕ್ಕಿದ್ದು 3. ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. ‘ಹಂಗಾರ ಕಂಪನಿಯವರದು ತಪ್ಪಿಲ್ಲೇನ್ರಿ ಸರ?’ ಎಂದು ಕೇಳಿದರು. ಅಂದು, ಆ ಮನೆಯಲ್ಲಿ, ಇರಲಿಲ್ಲ.

ಈ ಮೂರು ಅಂಕಿಯಿಂದ ಮುಂದಿನ ದಾರಿ ತಾನೇ ಕಾಣುತ್ತದೆ. ಮೊದಲೆರಡು ಹತ್ತಿರವಿದ್ದು ಮೂರನೆಯದು ಬಿದ್ದುಹೋಗಿದ್ದರೆ ದೋಷ ಮನೆಯೊಳಗಿನದು. ಎರಡನೆಯದೇ ಬಿದ್ದುಹೋಗಿದ್ದರೆ ತಂತಿಯದೋ ಕಂಪನಿಯದೋ ಡಬ್ಬಿಯದೋ. ಮೂರೂ ಸರಿಯಿದ್ದು ಟಿ.ವಿ. ಮಾತ್ರ ನಿಲ್ಲುತ್ತಿದ್ದರೆ ಟಿ.ವಿ.ಯದು.

ಮನೆಯೊಳಗಿನ ದೋಷಕ್ಕೆ ಬರೋಣ. ನಮ್ಮ ಜಿಲ್ಲೆಯವರನ್ನು ಇದು ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ, ಏಕೆಂದರೆ ನಾವು ಕಲ್ಲಿನ ನಾಡಿನವರು. ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು. ಹಳೆಯ ಮನೆಗಳ ಗೋಡೆ ಒಂದೂವರೆ ಅಡಿ, ಎರಡಡಿ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದರೂ ಒಳಗೆ ತಂಪು. ಆ ಗೋಡೆ ಬಿಸಿಲನ್ನು ತಡೆದ ಹಾಗೆಯೇ ವೈಫೈಯನ್ನೂ ತಡೆಯುತ್ತದೆ.

ಧಾರವಾಡದ ರೇಡಿಯೊ ಬಾದಾಮಿಯ ಗುಡ್ಡ ದಾಟಿ ಬರುತ್ತದಲ್ಲ, ಮನೆಯೊಳಗಿನ ವೈಫೈ ಒಂದು ಗೋಡೆ ಯಾಕೆ ದಾಟುವುದಿಲ್ಲ ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದ. ಒಳ್ಳೆಯ ಪ್ರಶ್ನೆ. ಎರಡೂ ರೇಡಿಯೊ ಅಲೆಗಳೇ. ಆದರೆ ಧಾರವಾಡ ಕೇಂದ್ರದ ಮಧ್ಯಮ ತರಂಗ 765 ಕಿಲೊಹರ್ಟ್ಜಿನದು, ಅದರ ಒಂದು ಅಲೆಯ ಉದ್ದ ಸುಮಾರು 390 ಮೀಟರ್. ಅಷ್ಟು ದೊಡ್ಡ ಅಲೆ ನೆಲಕ್ಕೆ ಅಂಟಿಕೊಂಡು, ಏರುತಗ್ಗು ಬಳಸಿಕೊಂಡು ಬಹಳ ದೂರ ಸಾಗುತ್ತದೆ. ವೈಫೈಯ ಅಲೆ ಎರಡು ಬಗೆ: 2.4 ಗಿಗಾಹರ್ಟ್ಜಿನದು ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಒಂದು ಚೋಟಿಗಿಂತ ಕಡಿಮೆ. 5 ಗಿಗಾಹರ್ಟ್ಜಿನದು ಅದರ ಅರ್ಧ. ಈ ಗಿಡ್ಡ ಅಲೆಗಳು ಕಲ್ಲಿನಲ್ಲಿ, ಕಾಂಕ್ರೀಟಿನಲ್ಲಿ ಬೇಗ ಸೊರಗುತ್ತವೆ. ಕಬ್ಬಿಣಕ್ಕೆ ತಾಗಿದರೆ ಹಿಂದಕ್ಕೆ ಪುಟಿಯುತ್ತವೆ, ನೀರಿನಲ್ಲಿ ಹೀರಿಹೋಗುತ್ತವೆ. ಎರಡರಲ್ಲಿ ಗಿಡ್ಡದಾದ 5ರ ಅಲೆ ವೇಗ ಹೆಚ್ಚು ಕೊಡುತ್ತದೆ, ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ. 2.4ರದ್ದು ನಿಧಾನ, ಆದರೆ ಒಂದು ಗೋಡೆ ಹೆಚ್ಚು ದಾಟುತ್ತದೆ. ಡಬ್ಬಿ ಇರುವ ಕೋಣೆಯಲ್ಲೇ ಟಿ.ವಿ. ಇದ್ದರೆ 5ಕ್ಕೆ ಜೋಡಿಸಿ. ಗೋಡೆಯಾಚೆ ಇದ್ದರೆ ಎರಡನ್ನೂ ಜೋಡಿಸಿ ನೋಡಿ, ಅಂಕಿ ಯಾವುದು ಹೆಚ್ಚು ಹೇಳುತ್ತದೋ ಅದು.

ದೊಡ್ಡವ್ವನ ಮನೆಯಲ್ಲಿ ಡಬ್ಬಿ ಎಲ್ಲಿತ್ತು ಗೊತ್ತೇ? ಮುಂಬಾಗಿಲ ಪಕ್ಕದ ತಿಜೋರಿಯ ಹಿಂದೆ. ತಂತಿ ಒಳಗೆ ಬಂದ ಜಾಗ ಅದು, ಜೋಡಿಸುವ ಹುಡುಗ ಅಲ್ಲೇ ಮೊಳೆ ಹೊಡೆದು ಹೋಗಿದ್ದ. ಡಬ್ಬಿಯ ಮುಂದೆ ಆಳೆತ್ತರದ ಕಬ್ಬಿಣ, ಅದರಾಚೆ ಎರಡಡಿ ಕಲ್ಲು, ಅದರಾಚೆ ನಡುಮನೆಯ ಟಿ.ವಿ. ನಾನು ಮಾಡಿದ್ದು ಇಷ್ಟೇ: ಡಬ್ಬಿಯನ್ನು ಅಲ್ಲಿಂದ ತೆಗೆಸಿ ನಡುಬಾಗಿಲ ಎದುರಿಗೆ, ತಲೆಗಿಂತ ಎತ್ತರದಲ್ಲಿ ಇರಿಸಿದೆ. ಹತ್ತು ಮೀಟರ್ ತಂತಿ ಹೆಚ್ಚು ಬೇಕಾಯಿತು. ಪ್ರವಚನ ಅಂದಿನಿಂದ ನಿಂತಿಲ್ಲ.

ಕಲ್ಲಿನ ಮನೆಯವರಿಗೆ ನನ್ನದೊಂದು ಸರಳ ಪರೀಕ್ಷೆ. ರಾತ್ರಿ ಮನೆಯ ದೀಪವೆಲ್ಲ ಆರಿಸಿ, ಡಬ್ಬಿ ಇಟ್ಟಿರುವ ಜಾಗದಲ್ಲಿ ಒಂದೇ ದೀಪ ಹಚ್ಚಿಡಿ. ಬಾಗಿಲು, ಕಿಟಕಿಗಳಿಂದ ಆ ಬೆಳಕು ಎಲ್ಲೆಲ್ಲಿ ತಲುಪುತ್ತದೋ ಅಲ್ಲೆಲ್ಲ ವೈಫೈ ಚೆನ್ನಾಗಿ ತಲುಪುತ್ತದೆ. ಬೆಳಕು ಬೀಳದ ಕತ್ತಲ ಕೋಣೆಗೆ ವೈಫೈಯೂ ಸೊರಗಿಯೇ ಹೋಗುತ್ತದೆ. ನಮ್ಮ ಮನೆಗಳಲ್ಲಿ ವೈಫೈ ಗೋಡೆಯಿಂದ ಹೋಗುವುದು ಕಡಿಮೆ, ಬಾಗಿಲಿಂದ ಹೋಗುವುದೇ ಹೆಚ್ಚು.

ಆದರೆ ಅಲೆಗಳನ್ನು ನೆಚ್ಚುವುದಕ್ಕಿಂತ ತಂತಿ ಎಳೆಯುವುದು ಒಳ್ಳೆಯದು. ಇದನ್ನು ಒತ್ತಿ ಹೇಳುತ್ತೇನೆ. ಟಿ.ವಿ. ಜಾಗ ಬದಲಿಸುವ ವಸ್ತುವಲ್ಲ, ಅದಕ್ಕೆ ತಂತಿಯಿಲ್ಲದ ಜೋಡಣೆ ಯಾಕೆ ಬೇಕು? ಡಬ್ಬಿಯ ಹಿಂದೆ ಮೂರ್ನಾಲ್ಕು ಚೌಕ ತೂತುಗಳಿರುತ್ತವೆ, ಟಿ.ವಿ.ಯ ಹಿಂದೆಯೂ ಸಾಮಾನ್ಯವಾಗಿ ಅಂತಹುದೇ ಒಂದಿರುತ್ತದೆ. ಅಂಗಡಿಯಲ್ಲಿ ಲ್ಯಾನ್ ಕೇಬಲ್ ಎಂದು ಕೇಳಿ, ‘ಕ್ಯಾಟ್ 6’ ಎಂದು ಬರೆದಿರುವುದನ್ನು ತನ್ನಿ. ನೂರು ಮೀಟರ್‌ವರೆಗೂ ಅದು ವೇಗ ಕಳೆಯದೆ ಒಯ್ಯುತ್ತದೆ. ಗೋಡೆ ಕೊರೆಯುವುದು ಹೇಗೆಂಬ ಚಿಂತೆ ಹಳೆಯ ಮನೆಯವರಿಗಿರುತ್ತದೆ. ಕೊರೆಯಬೇಕಿಲ್ಲ. ನಮ್ಮ ಹಿರಿಯರು ಮಾಳಿಗೆಯಲ್ಲಿ ಬೆಳಕಿಂಡಿ ಬಿಟ್ಟಿದ್ದಾರೆ. ಬಾದಾಮಿಯ ಒಂದು ಮನೆಯಲ್ಲಿ ತಂತಿಯನ್ನು ಪಡಸಾಲೆಯ ಬೆಳಕಿಂಡಿಯಿಂದ ಮೇಲಕ್ಕೆ ಒಯ್ದು, ಮಾಳಿಗೆಯ ಮೇಲೆ ಪೈಪಿನೊಳಗೆ ಹಾಯಿಸಿ, ಹಿಂದಿನ ಕೋಣೆಯ ಬೆಳಕಿಂಡಿಯಿಂದ ಇಳಿಸಿದೆವು. ಎರಡೂ ಬಾಯಿಗೆ ಮಳೆನೀರು ಇಳಿಯದಂತೆ ಕೆಳಮುಖದ ಬಾಗು ಕೊಟ್ಟೆವು. ಅರ್ಧ ದಿನದ ಕೆಲಸ.

ನವನಗರದ ಹುಡುಗನ ಕೋಣೆಗೂ ಮಾಡಿದ್ದು ಅದೇ. ಮೆಟ್ಟಿಲ ಬದಿಯಿಂದ ತಂತಿ ಒಯ್ದು, ತುದಿಗೆ ಅವರ ಮನೆಯಲ್ಲೇ ಬಿದ್ದಿದ್ದ ಹಳೆಯ ರೂಟರನ್ನು ಜೋಡಿಸಿದೆ. ಹಳೆಯ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಮಾಡುವ ಆಯ್ಕೆ ಹೆಚ್ಚಿನವುಗಳಲ್ಲಿ ಇರುತ್ತದೆ. ಅಂಗಡಿಯವರು ತಂತಿಯ ಬದಲು, ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಕೊಳ್ಳಿ ಎನ್ನುತ್ತಾರೆ. ಕಡಿಮೆ ಬೆಲೆಯ ರಿಪೀಟರು ಕೇಳುವುದೂ ಹೇಳುವುದೂ ಒಂದೇ ಬಾಯಲ್ಲಿ. ಆದ್ದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಕೊಂಡವರು ಅದನ್ನು ಸಿಗ್ನಲ್ ಬರದ ಕೋಣೆಯಲ್ಲೇ ಇಡುತ್ತಾರೆ. ಬರದ ಕಡೆ ಇಟ್ಟರೆ ಅದು ಏನನ್ನು ಮುಂದಕ್ಕೆ ಕಳಿಸೀತು? ಇಡುವುದಾದರೆ ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಗಟ್ಟಿಯಿರುವ ಕಡೆ ಇಡಬೇಕು.

ಸೆಕ್ಟರುಗಳ ಸಾಲುಮನೆಗಳಲ್ಲಿ ಇನ್ನೊಂದು ತೊಡಕಿದೆ. ಫೋನಿನ ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದ ಮನೆಗಳ ಹತ್ತು ಹನ್ನೆರಡು ಹೆಸರು ಕಾಣುತ್ತವೆ. 2.4ರ ಅಲೆಯಲ್ಲಿ ಒಂದಕ್ಕೊಂದು ತಗಲದ ದಾರಿಗಳು ಮೂರೇ: ಚಾನೆಲ್ 1, 6, 11. ಹನ್ನೆರಡು ಮನೆಯವರು ಮೂರು ದಾರಿಯಲ್ಲಿ ನುಗ್ಗಿದರೆ ಎಲ್ಲರೂ ಸರದಿ ಕಾಯಬೇಕು. ವೈಫೈಯ ನಿಯಮವೂ ಕಟ್ಟೆಯ ಮೇಲಿನ ಪಂಚಾಯಿತಿಯಂತೆ: ಒಬ್ಬರು ಮಾತಾಡುವಾಗ ಮತ್ತೊಬ್ಬರು ಸುಮ್ಮನಿರಬೇಕು. ನಿಮ್ಮ ಮನೆಯದೇ ಒಂದು ಹಳೆಯ ಫೋನು ದೂರದ ಕೋಣೆಯಿಂದ ತೊದಲುತ್ತ ಮಾತಾಡಿದರೆ ಟಿ.ವಿ.ಯ ಸರದಿ ತಡವಾಗುತ್ತದೆ. ಇಂಥ ಕಡೆ 5ರ ಅಲೆಯೇ ಮೇಲು, ಅಲ್ಲಿ ದಾರಿಗಳು ಹೆಚ್ಚು.

ಇನ್ನು ಯಾರೂ ಊಹಿಸದ ಕಾರಣವೊಂದನ್ನು ಹೇಳುತ್ತೇನೆ. ಬಂಧುಗಳೊಬ್ಬರ ಮನೆಯಲ್ಲಿ ಮದುವೆ ಮುಗಿದ ಮರುದಿನದಿಂದ ಟಿ.ವಿ. ನಿಲ್ಲತೊಡಗಿತು. ಮೂರು ದಿನ ಹಾಗೇ. ವೇಗ ಅಳೆದರೆ ಒಮ್ಮೆ ಸರಿ, ಒಮ್ಮೆ ಇಲ್ಲ. ಕೊನೆಗೆ ಹೊಳೆಯಿತು. ಮದುವೆಯಲ್ಲಿ ಎಲ್ಲರೂ ಫೋನಿನಲ್ಲಿ ತೆಗೆದಿದ್ದ ನೂರಾರು ಫೋಟೊ, ವಿಡಿಯೊಗಳನ್ನು ಆ ಫೋನುಗಳು ತಾವಾಗಿಯೇ ದೂರದ ಕಂಪ್ಯೂಟರಿಗೆ ಏರಿಸುತ್ತಿದ್ದವು. ನಾವು ಇಳಿಯುವ ದಾರಿಯನ್ನಷ್ಟೇ ನೋಡುತ್ತೇವೆ. ಟಿ.ವಿ. ಪ್ರತಿ ತುಣುಕನ್ನೂ ‘ಕಳಿಸಿ’ ಎಂದು ಬೇಡಬೇಕು, ಬಂದದ್ದಕ್ಕೆ ‘ಮುಟ್ಟಿತು’ ಎನ್ನಬೇಕು. ಆ ಪುಟ್ಟ ಮಾತುಗಳು ಏರುವ ದಾರಿಯಲ್ಲೇ ಹೋಗಬೇಕು. ಅಲ್ಲಿ ಮದುವೆಯ ಗಾಡಿಗಳು ಸಾಲುಗಟ್ಟಿ ನಿಂತಿದ್ದರೆ ಬೇಡಿಕೆಯೇ ಹೊರಡುವುದಿಲ್ಲ. ಕಾವಲು ಕ್ಯಾಮೆರಾ ಹಾಕಿಸಿಕೊಂಡ ಮನೆಗಳಲ್ಲೂ ಹೀಗಾಗುವುದುಂಟು, ಅದು ಹಗಲು ರಾತ್ರಿ ವಿಡಿಯೊ ಏರಿಸುತ್ತಿರುತ್ತದೆ. ಫೋಟೊ ಏರಿಸುವ ಕೆಲಸವನ್ನು ರಾತ್ರಿ ಮಲಗುವ ಹೊತ್ತಿಗೆ ಇಟ್ಟುಕೊಳ್ಳಿ.

ಸಣ್ಣ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ನಮ್ಮ ಬೇಸಿಗೆಯಲ್ಲಿ ಡಬ್ಬಿ ಕಾಯುತ್ತದೆ. ಅದರ ಮೇಲೆ ಬಟ್ಟೆ ಹೊದಿಸಬೇಡಿ, ಗಾಳಿಕಿಂಡಿಯ ಧೂಳು ಒರೆಸಿ. ವಾರಕ್ಕೊಮ್ಮೆ ಆರಿಸಿ, ಅರ್ಧ ನಿಮಿಷ ಬಿಟ್ಟು ಹಚ್ಚಿ. ಕರೆಂಟು ಹೋಗಿ ಬಂದರೆ ಡಬ್ಬಿ ಮತ್ತೆ ಸಜ್ಜಾಗಲು ಎರಡು ಮೂರು ನಿಮಿಷ ಬೇಕು, ಪಾಠ ಕೇಳುವ ಮಕ್ಕಳಿರುವ ಮನೆಗೆ ಡಬ್ಬಿಗೆಂದೇ ಸಿಗುವ ಸಣ್ಣ ಯುಪಿಎಸ್ ಉಪಕಾರಿ. ಕೊಳ್ಳುವಾಗ ಡಬ್ಬಿಯ ಅಡಾಪ್ಟರ್ ಮೇಲೆ ಬರೆದ ವೋಲ್ಟು ನೋಡಿಕೊಂಡು ಅದಕ್ಕೆ ಹೊಂದುವುದನ್ನೇ ತನ್ನಿ. ಏಳೆಂಟು ವರ್ಷದ ಸ್ಮಾರ್ಟ್ ಟಿ.ವಿ.ಯಾದರೆ ಅದರ ನೆನಪಿನ ಜಾಗ ತುಂಬಿರುತ್ತದೆ, ಬೇಡದ ಆ್ಯಪ್ ತೆಗೆಯಿರಿ. ಆಗಲೂ ತಡವರಿಸಿದರೆ ಟಿ.ವಿ. ಬದಲಿಸಬೇಕಿಲ್ಲ, ಹಿಂದೆ ಚುಚ್ಚುವ ಸ್ಟಿಕ್ ಸಾಕು.

ಮೊಬೈಲ್ ನೆಟ್ಟನ್ನೇ ನೆಚ್ಚಿದವರ ಕಥೆ ಬೇರೆ. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಸುತ್ತ, ಗುಡ್ಡಗಳ ಮಗ್ಗುಲಲ್ಲೇ ಮನೆಗಳಿವೆ. ಚಾಲುಕ್ಯರು ಗುಹಾಲಯ ಕೊರೆದ ಬಂಡೆ ಅದು, ಅದರ ನೆರಳಿನಲ್ಲಿ ಟವರಿನ ಅಲೆ ಸೊರಗುವುದು ಸಹಜ. ಅಂಥ ಮನೆಗಳಲ್ಲಿ ಒಂದೇ ಕೋಣೆಯ ಎರಡು ಕಿಟಕಿಗಳ ನಡುವೆ ವೇಗ ಹತ್ತು ಪಟ್ಟು ವ್ಯತ್ಯಾಸ ತೋರಿಸಿದ್ದನ್ನು ನಾನೇ ಅಳೆದಿದ್ದೇನೆ. ಪ್ರತಿ ಕಿಟಕಿಯಲ್ಲೂ ಅಳೆದು, ಹೆಚ್ಚು ತೋರಿದ ಕಿಟಕಿಯಲ್ಲಿ ಒಂದು ಫೋನಿಟ್ಟು ಹಾಟ್‌ಸ್ಪಾಟ್ ಹಚ್ಚಿ, ನೋಡುವ ಫೋನನ್ನು ಅದಕ್ಕೆ ಜೋಡಿಸಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ಇದೂ ಸಾಲದು. ತೇರು ನೋಡಲು, ನಾಟಕ ನೋಡಲು ಬಂದ ಜನರ ಫೋನುಗಳೆಲ್ಲ ಅಲ್ಲಿನ ಟವರುಗಳ ವೇಗವನ್ನೇ ಹಂಚಿಕೊಳ್ಳಬೇಕು. ಆ ದಿನಗಳಿಗೆ ಉಪಾಯ ಒಂದೇ: ಮಕ್ಕಳ ಪಾಠಗಳನ್ನು ಬೆಳಗಿನ ಜಾವ ಇಳಿಸಿಟ್ಟುಕೊಳ್ಳುವುದು. ಯೂಟ್ಯೂಬ್ 2014ರಲ್ಲೇ ಭಾರತದಲ್ಲಿ ವಿಡಿಯೊ ಇಳಿಸಿಟ್ಟು ಆಮೇಲೆ ನೋಡುವ ಸೌಲಭ್ಯ ಕೊಟ್ಟಿತು. ಬುಟ್ಟಿ ತುಂಬ ಕಂಡಿಕೆ ಸುತ್ತಿಟ್ಟುಕೊಂಡು ಆಮೇಲೆ ಮಗ್ಗಕ್ಕೆ ಕೂತಂತೆ. ದಿನಕ್ಕೆ ಒಂದೂವರೆ ಜಿಬಿ ಇರುವವರು ಇದನ್ನೂ ನೆನಪಿಡಿ: ಅಷ್ಟರಲ್ಲಿ 720ರ ಚಿತ್ರ ಒಂದು ತಾಸು ಇಪ್ಪತ್ತು ನಿಮಿಷ ನೋಡಬಹುದು, 360ರ ಚಿತ್ರವಾದರೆ ನಾಲ್ಕೂವರೆ ತಾಸಿನ ಮೇಲೆ. ಹಲಗೆಯ ಮೇಲಿನ ಅಕ್ಷರ ಕಂಡರೆ ಸಾಕಲ್ಲವೇ?

ಎರಡನೆಯ ಅಂಕಿಯೇ, ಅಂದರೆ ಮನೆಗೆ ಬಂದದ್ದೇ, ಬಿದ್ದುಹೋಗಿದ್ದರೆ ಏನು ಮಾಡಬೇಕು? ಹುನಗುಂದದ ಒಂದು ಮನೆಯಲ್ಲಿ ಹಾಗಾಗಿತ್ತು. ಡಬ್ಬಿಯ ಮೇಲೆ ‘ಎಲ್‌ಒಎಸ್’ ಎಂಬ ಹೆಸರಿನ ಕೆಂಪು ದೀಪ ಆಗಾಗ ಮಿಟುಕುತ್ತಿತ್ತು. ಬೆಳಕು ತಲುಪುತ್ತಿಲ್ಲ ಎಂದು ಅದರ ಅರ್ಥ. ಈಗಿನ ತಂತಿ ತಾಮ್ರದ್ದಲ್ಲ, ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರೊಳಗೆ ಬೆಳಕು ಓಡುತ್ತದೆ. ಎಳೆಯನ್ನು ಬಿಗಿಯಾಗಿ ಮಡಚಿದರೆ ಬೆಳಕು ಬಾಗಿನಲ್ಲೇ ಸೋರಿಹೋಗುತ್ತದೆ. ಅವರು ಕಿಟಕಿಯ ಬಾಗಿಲನ್ನು ಆ ತಂತಿಯ ಮೇಲೇ ಮುಚ್ಚುತ್ತಿದ್ದರು. ಕೆಂಪು ದೀಪ ಕಂಡರೆ ತಂತಿ ಎಲ್ಲಿ ಸಿಕ್ಕಿಕೊಂಡಿದೆ, ಇಲಿ ಕಡಿದಿದೆಯೇ ನೋಡಿ. ತುದಿಯನ್ನು ಮಾತ್ರ ಬಿಚ್ಚಿ ಕಣ್ಣಿಗೆ ಹಿಡಿದು ನೋಡಬೇಡಿ. ಆ ಬೆಳಕು ಕಾಣುವಂಥದ್ದಲ್ಲ, ಕಣ್ಣಿಗೆ ಕೆಟ್ಟದ್ದು.

ಕೆಂಪು ದೀಪವಿಲ್ಲದೆಯೂ ವೇಗ ಬಿದ್ದಿದ್ದರೆ ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಅಳೆದು ನಾಲ್ಕು ದಿನ ಬರೆದಿಡಿ. ಒಂದು ಗಾಜಿನ ಎಳೆಯನ್ನು ಕವಲೊಡೆಸಿ 32 ಅಥವಾ 64 ಮನೆಗಳಿಗೆ ಹಂಚುವುದು ರೂಢಿ. ಬೆಳಿಗ್ಗೆ ಸರಿಯಿದ್ದು ರಾತ್ರಿ ಮಾತ್ರ ಬಿದ್ದರೆ, ಹಂಚಿಕೆ ಸಾಲುತ್ತಿಲ್ಲ ಅಥವಾ ಊರಿಗೆ ಬರುವ ದೊಡ್ಡ ದಾರಿಯೇ ಕಿರಿದಾಗಿದೆ. ತಿಂಗಳ ಕೊನೆಯ ವಾರ ಮಾತ್ರ ಬಿದ್ದರೆ ನಿಮ್ಮ ಪ್ಲ್ಯಾನಿನ ಮಿತಿ ಮುಗಿದಿದೆ. ‘ಅನ್‌ಲಿಮಿಟೆಡ್’ ಎಂದು ದೊಡ್ಡಕ್ಷರದಲ್ಲಿ ಬರೆದ ಪ್ಲ್ಯಾನುಗಳಲ್ಲೂ ಇಷ್ಟು ಜಿಬಿ ಆದ ಮೇಲೆ ವೇಗ ಇಳಿಸುತ್ತೇವೆ ಎಂಬ ಸಾಲು ಸಣ್ಣಕ್ಷರದಲ್ಲಿರುತ್ತದೆ. ಸರಕಾರದ ವ್ಯಾಖ್ಯೆಯ ಪ್ರಕಾರ ಬ್ರಾಡ್‌ಬ್ಯಾಂಡ್ ಎನ್ನಬೇಕಾದರೆ ಇಳಿಯುವ ವೇಗ 2 ಎಂಬಿಪಿಎಸ್ ಆದರೂ ಇರಬೇಕು. 2023ರ ಜನವರಿಗೆ ಮೊದಲು ಆ ಮಿತಿ 512 ಕೆಬಿಪಿಎಸ್ ಇತ್ತು. ದೂರು ಕೊಡುವಾಗ ‘ನೆಟ್ ಸ್ಲೋ ಐತಿ’ ಎನ್ನದೆ ದಿನ, ಹೊತ್ತು, ಅಂಕಿ ಹೇಳಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗುವ ಹಕ್ಕು ನಿಮಗಿದೆ, ಅದಕ್ಕೆ ಆ ನಂಬರ್ ಬೇಕು.

ಕಂಪನಿಯ ಫೋನ್ ನಂಬರನ್ನು ನಿಮ್ಮ ಬಿಲ್ಲಿನಿಂದಲೇ ತೆಗೆದುಕೊಳ್ಳಿ, ಹುಡುಕಿ ಸಿಕ್ಕ ನಂಬರಿಗೆ ಮಾಡಬೇಡಿ. ‘ನೆಟ್ ಸರಿಮಾಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ’ ಎನ್ನುವವರು ಕಳ್ಳರು. ನೆಟ್ ಸರಿಮಾಡಲು ಯಾರಿಗೂ ನಿಮ್ಮ ಬ್ಯಾಂಕಿನ ಒಟಿಪಿ ಬೇಕಾಗುವುದಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಮನೆಮನೆಗೆ ಹೋಗಿ ನೆಟ್ ಜೋಡಿಸುವ ನಮ್ಮ ಹುಡುಗರಿಗೂ ಒಂದು ಮಾತು ಹೇಳಬೇಕು. ನೀವು ಬಿಸಿಲಲ್ಲಿ ಕಂಬ ಹತ್ತಿ ದುಡಿಯುತ್ತೀರಿ, ದಿನಕ್ಕೆ ಹತ್ತಾರು ಮನೆ ಮುಗಿಸಬೇಕು. ಅದು ನನಗೆ ಗೊತ್ತು. ಆದರೂ ತಂತಿ ಒಳಗೆ ಬಂದ ಜಾಗದಲ್ಲೇ ಮೊಳೆ ಹೊಡೆಯುವ ಮೊದಲು ಮನೆಯವರನ್ನು ‘ಅಕ್ಕಾರ, ಹುಡುಗರು ಎಲ್ಲಿ ಕುಂತು ಓದತಾರ? ಟಿ.ವಿ. ಎಲ್ಲೈತಿ?’ ಎಂದು ಕೇಳಿ. ಹತ್ತು ಮೀಟರ್ ತಂತಿ ಹೆಚ್ಚು ಬಿಡಿ. ಅದರ ದುಡ್ಡನ್ನು ಮನೆಯವರು ಸಂತೋಷದಿಂದ ಕೊಡುತ್ತಾರೆ.

ಕೇಳುಗರೇ, ಹೊಸ ಪ್ಲ್ಯಾನಿಗೆ ದುಡ್ಡು ಕಟ್ಟಬೇಕೆಂದಿದ್ದರೆ ನಾಳೆಯವರೆಗೆ ತಡೆಯಿರಿ. ಇವತ್ತು ರಾತ್ರಿ ಆ ಮೂರು ಅಂಕಿಗಳನ್ನು ಅಳೆದು, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಡಬ್ಬಿ ತಿಜೋರಿಯ ಹಿಂದಿದ್ದರೆ ಮೊದಲು ಅದನ್ನು ಹೊರಗೆ ತನ್ನಿ.